ನಾಸಿಕದ ಆಚೆಯ ಬಿಳಿ ವೈನು

ಬಿಳಿ ವೈನೆಂದರೆ ನಾಸಿಕ ಎನ್ನುವವರ ಎದುರು ನಾನು ನಂದಿ ಬೆಟ್ಟದ ತಪ್ಪಲಿನ ಸುವಿನ್ಯೋ ಬ್ಲಾಂ, ಕೊಪ್ಪಳ ಜಿಲ್ಲೆಯ ಹಂಪಿ ಗುಡ್ಡಗಳ ಶಾರ್ಡೊನೆ ಪರ ವಾದಿಸುತ್ತೇನೆ. ಆದರೆ ಪ್ರಸಿದ್ಧವಲ್ಲ ಎಂಬ ಕಾರಣಕ್ಕೇ ಮೆಚ್ಚುವುದಾದರೆ, ಅದೂ ರುಚಿಗಲ್ಲ, ಹೆಸರಿಗೇ ಕೊಟ್ಟ ಅಂಕವಲ್ಲವೇ?

ಶೆನಿನ್ ಬ್ಲಾಂ ನೋಡಿ. ಫ್ರಾನ್ಸಿನ ಲ್ವಾರ್ ಕಣಿವೆಯ ಈ ತಳಿಯನ್ನು ದಕ್ಷಿಣ ಆಫ್ರಿಕಾದವರು ತಲೆತಲಾಂತರದಿಂದ ‘ಸ್ಟೀನ್’ ಎಂದೇ ಬೆಳೆದರು. ಎರಡೂ ಒಂದೇ ಎಂದು ಖಚಿತವಾದದ್ದು 1960ರ ದಶಕದಲ್ಲಿ. ಬಳ್ಳಿಯೂ ಅದೇ, ಹಣ್ಣಿನ ಹುಳಿಯೂ ಅದೇ.

ಹಾಗಾದರೆ ಹೆಸರು ಮರೆತು ಕುಡಿಯುವುದೇ ನ್ಯಾಯ ಎನ್ನಬಹುದು. ಕುಡಿಯುವವನಿಗೆ ಸರಿ. ಬೆಳೆಯುವವನಿಗೆ?

ನಮ್ಮ ಕಡೆಯ ತೊಗರಿಯನ್ನೇ ತೆಗೆದುಕೊಳ್ಳಿ. ಯಾದಗಿರಿ, ಶಹಾಪುರ, ಸುರಪುರ 2009ರ ಡಿಸೆಂಬರ್‌ವರೆಗೆ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ಇಲ್ಲಿನ ತೊಗರಿಯೂ ಗುಲ್ಬರ್ಗಾದ್ದೇ. ಜಿಲ್ಲೆ ಬೇರೆಯಾಯಿತು, ಹೊಲ ಅಲ್ಲೇ ಇದೆ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಜಿಐ ಮಾನ್ಯತೆ ಸಿಕ್ಕಿತು. ಬೇಳೆ ಬೇಯುವಾಗ ಹೆಸರು ಕೇಳುವುದಿಲ್ಲ, ನಿಜ; ಸಂತೆಯಲ್ಲಿ ಕೇಳುತ್ತಾರೆ. ದರ ನಿಂತಿರುವುದು ಹೆಸರಿನ ಮೇಲೆ, ಒಕ್ಕಲಿಗನ ಮನೆ ನಿಂತಿರುವುದು ದರದ ಮೇಲೆ.

ಅದಕ್ಕೇ ಲೇಬಲ್ ಮುಚ್ಚಿ ರುಚಿ ನೋಡುತ್ತೇನೆ. ಹಿಡಿಸಿದರೆ ಲೇಬಲ್ ತೆರೆದು, ಆ ಊರಿನ ಹೆಸರನ್ನು ನಾಲ್ಕು ಜನರಿಗೆ ಹೇಳುತ್ತೇನೆ. ಹಿಡಿಸದಿದ್ದರೆ, ನಮ್ಮ ನಾಡಿನದೇ ಆದರೂ, ಸುಮ್ಮನಿರುತ್ತೇನೆ.