ನೋಟದ ಋಣ

ಹಂಪೆಯ ವಿರೂಪಾಕ್ಷ ದೇವಾಲಯದ ಕತ್ತಲ ಕೋಣೆಯೊಂದರಲ್ಲಿ, ಗೋಡೆಯ ಕಿರುಗಿಂಡಿಯಿಂದ ಒಳಹೊಕ್ಕ ಬೆಳಕು ಮೂಡಣದ ಮಹಾಗೋಪುರವನ್ನು ಎದುರುಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವುದನ್ನು ಯಾತ್ರಿಕರನೇಕರು ಕಂಡಿರುವರು. ಛಾಯಾಗ್ರಹಣದ ತತ್ತ್ವವೆಲ್ಲವೂ ಆ ಗಿಂಡಿಯಲ್ಲಿ ಅಡಗಿದೆ. ಆದರೆ ಅಲ್ಲಿ ಚಿತ್ರ ತೆಗೆಯುವವನೂ ಇಲ್ಲ, ತೆಗೆದುದನ್ನು ಒಯ್ಯುವವನೂ ಇಲ್ಲವಾದುದರಿಂದ ಯಾರ ಅನುಮತಿಯನ್ನು ಪಡೆಯಬೇಕೆಂಬ ಪ್ರಶ್ನೆಯೇ ಹುಟ್ಟದು. ಅದೇ ಗೋಪುರದೆದುರು ಕ್ಯಾಮೆರಾ ಹಿಡಿದು ನಿಂತೊಡನೆ ಆ ಪ್ರಶ್ನೆ ಏಕೆ ಎದ್ದು ಬರುತ್ತದೆಂಬುದನ್ನು ನಾನು ಬಹುಕಾಲ ಚಿಂತಿಸಿದ್ದೇನೆ.

ನಮ್ಮ ಶಾಸನವು ಈ ವಿಷಯದಲ್ಲಿ ಉದಾರವಾಗಿಯೇ ಇದೆ. ಕಟ್ಟಡದ ಛಾಯಾಚಿತ್ರವನ್ನು ತೆಗೆಯುವುದನ್ನಾಗಲಿ, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನೆಲೆಗೊಂಡ ಕಲಾಕೃತಿಯನ್ನು ಚಲಚ್ಚಿತ್ರದಲ್ಲಿ ಸೇರಿಸುವುದನ್ನಾಗಲಿ 1957ರ ಕೃತಿಸ್ವಾಮ್ಯ ಅಧಿನಿಯಮವು ಅಪರಾಧವೆಂದು ಎಣಿಸುವುದಿಲ್ಲ. ಸಂರಕ್ಷಿತ ಸ್ಮಾರಕಗಳಲ್ಲಿ ಚಲಚ್ಚಿತ್ರ ತೆಗೆಯಲು ಪುರಾತತ್ತ್ವ ಇಲಾಖೆಯ ಪರವಾನಗಿ ಬೇಕೆಂಬ 1959ರ ನಿಯಮವಿದೆ; ಕಲ್ಲಿಗೆ ಪೆಟ್ಟು ತಗುಲಬಾರದೆಂಬ ಆ ಕಾಳಜಿ ನ್ಯಾಯವಾದುದೇ. ಇನ್ನು ಕಲ್ಲನ್ನು ಕಡೆದ ಶಿಲ್ಪಿಗಳ ಮಾತು: ಬೇಲೂರಿನಲ್ಲಿ ದಾಸೋಜನೂ ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ತಾವು ಕಡೆದ ಶಿಲ್ಪಗಳಡಿಯಲ್ಲಿ ಹೆಸರು ಕೊರೆದರಲ್ಲವೆ? ಅದು ನೋಡುವವರನ್ನು ತಡೆಯಲಿಕ್ಕೆಂದು ನಾನು ನಂಬಲಾರೆ.

ಆದರೆ ಬೀದಿಯಲ್ಲಿ ಕಲ್ಲೊಂದೇ ಇರುವುದಿಲ್ಲ, ಮನುಷ್ಯರೂ ಇರುತ್ತಾರೆ; ಅವರನ್ನು ನೋಡುವ ಬಗೆಯನ್ನು ದೇವಾಲಯದಿಂದಲೇ ಕಲಿಯಬಹುದು. ನಮ್ಮ ಜನರು ದೇವಾಲಯಕ್ಕೆ ಹೋಗುವುದು ದರ್ಶನಕ್ಕೆ. ದರ್ಶನವೆಂದರೆ ಭಕ್ತನು ದೇವರನ್ನು ಕಾಣುವುದಷ್ಟೇ ಅಲ್ಲ, ದೇವರ ದೃಷ್ಟಿಯು ಭಕ್ತನ ಮೇಲೆ ಬೀಳುವುದೂ ಹೌದು. ನೇತ್ರೋನ್ಮೀಲನವಾಗಿ ಕಣ್ಣು ತೆರೆದ ಮೇಲಲ್ಲವೆ ವಿಗ್ರಹಕ್ಕೆ ಪೂಜೆ ಸಲ್ಲುವುದು! ಗರ್ಭಗುಡಿಯ ಮೂಲಮೂರ್ತಿಯು ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಒದಗದೆ ಕತ್ತಲಲ್ಲಿ ನಿಂತಿರಲು, ಉತ್ಸವಮೂರ್ತಿಯು ತೇರನ್ನೇರಿ ಬೀದಿಗೆ ಬಂದು, ಗುಡಿಯ ಹೊಸ್ತಿಲು ತುಳಿಯದವನಿಗೂ ತಾನಾಗಿ ಕಾಣಿಸಿಕೊಳ್ಳುತ್ತದೆ. ಕಾಣಿಸಿಕೊಳ್ಳುವುದೂ ಮರೆಯಾಗುವುದೂ ಇಲ್ಲಿ ಕಾಣಲ್ಪಡುವವನ ಇಚ್ಛೆಗೆ ಸೇರಿದುವು. ವೇದಾಂತಿಗಳು ನೋಡುವ ದೃಕ್ಕನ್ನೂ ನೋಡಲ್ಪಡುವ ದೃಶ್ಯವನ್ನೂ ಬೇರ್ಪಡಿಸಿ ದೃಶ್ಯವೆಲ್ಲವೂ ಜಡವೆಂದರು. ಆತ್ಮವಿಚಾರಕ್ಕೆ ಆ ವಿವೇಕವು ಅವಶ್ಯಕವಾದರೂ, ಬೀದಿಯಲ್ಲಿ ನಮಗೆ ದೃಶ್ಯವಾದ ಮನುಷ್ಯನು ತನ್ನೊಳಗೆ ನಮ್ಮಂತೆಯೇ ದ್ರಷ್ಟಾರನೆಂಬುದನ್ನು ಮರೆತು ಅವನನ್ನು ಗೋಪುರದ ಬುಡದ ಅಲಂಕಾರವೆಂದು ಬಗೆದರೆ, ಅದು ವೇದಾಂತಕ್ಕೂ ಅಪಚಾರವೇ. ಯಾವ ಕಚೇರಿಯ ಪರವಾನಗಿಯೂ ಆ ಅಪಚಾರವನ್ನು ತೊಡೆಯಲಾರದು.

1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಹಂಪೆಯನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. ದೀರ್ಘಕಾಲ ಬೆಳಕಿಗೊಡ್ಡಬೇಕಾಗಿದ್ದ ಆ ಕಾಗದದಲ್ಲಿ ನಡೆದಾಡುವವರು ಮೂಡುವುದು ಕಷ್ಟ. ಕಲ್ಲು ಮಾತ್ರ ಸ್ಪಷ್ಟ. ಇಂದಿನ ಉಪಕರಣವು ಕ್ಷಣಾರ್ಧದಲ್ಲಿ ಸಕಲವನ್ನೂ ಹಿಡಿಯುತ್ತದೆಯಾದರೂ, ನಮ್ಮ ಮನಸ್ಸು ಇನ್ನೂ ಆ ನಿರ್ಜನ ಬೀದಿಯನ್ನೇ ಬಯಸುತ್ತದೆಯೋ ಏನೋ.

ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ, 2011ರ ತೆರವಿಗೆ ಮೊದಲು, ಸಂಸಾರಗಳು ವಾಸಿಸುತ್ತಿದ್ದುವು. ಆ ಕಾಲದಲ್ಲಿ ಒಂದು ಮುಂಜಾನೆ ನಾನು ಮಂಟಪದ ಕಂಬವೊಂದಕ್ಕೆ ಕ್ಯಾಮೆರಾ ಗುರಿಯಿಟ್ಟಾಗ, ಅದರ ಪಕ್ಕದಲ್ಲಿ ಒಲೆ ಊದುತ್ತಿದ್ದ ವೃದ್ಧೆಯೊಬ್ಬಳು ತಲೆಯೆತ್ತಿ ನನ್ನನ್ನೇ ನೆಟ್ಟನೋಟದಿಂದ ನೋಡಿ, ‘ಯಾವೂರಪ್ಪಾ ನಿಂದು?’ ಎಂದಳು. ಕ್ಯಾಮೆರಾವನ್ನು ಇಳಿಸಿ ಊರ ಹೆಸರು ಹೇಳಿದೆ. ಮದುವೆಯಾಗಿದೆಯೇ, ಮಕ್ಕಳೆಷ್ಟು ಎಂದು ಒಂದೊಂದಾಗಿ ಕೇಳಿದಳು. ಎಲ್ಲವನ್ನೂ ಹೇಳಿ ಮುಗಿಸುವ ಹೊತ್ತಿಗೆ ಗೋಪುರದ ಮೇಲಿನ ಎಳೆಬಿಸಿಲು ಬುಡದವರೆಗೆ ಇಳಿದಿತ್ತು. ಆಗ ಅವಳು ಸೆರಗನ್ನು ಸರಿಪಡಿಸಿಕೊಂಡು, ಕಂಬಕ್ಕೆ ಒರಗಿ, ‘ಇನ್ನು ತೆಗೀ’ ಎಂದಳು.