ಇದು ಆ ಮನೆಯಲ್ಲ

"ಆ ಮನೆ ನೋಡಿದೆಯೇನಮ್ಮಾ?" ಹಾವರ್ತ್‌ನಿಂದ ಫೋನ್ ಮಾಡಿದಾಗ ಮೇಡಂ ಮೊದಲು ಕೇಳಿದ್ದು ಇದನ್ನೇ. ಪದವಿ ತರಗತಿಯಲ್ಲಿ ನನಗೆ ಎಮಿಲಿ ಬ್ರಾಂಟೆಯ 'ವುದರಿಂಗ್ ಹೈಟ್ಸ್' ಪಾಠ ಮಾಡಿದವರು ಅವರು. ವರ್ಷವರ್ಷವೂ ಅದೇ ಕಾದಂಬರಿ ಕಲಿಸಿ ನಿವೃತ್ತರಾದರು, ಇಂಗ್ಲೆಂಡ್ ನೋಡಿದವರಲ್ಲ. ನಾನು "ನೋಡಿದೆ ಮೇಡಂ" ಅಂದುಬಿಟ್ಟೆ. ಅದು ನಿಜವೋ ಸುಳ್ಳೋ ಎಂಬುದು ಅಂದಿನಿಂದ ನನ್ನನ್ನು ಕಾಡುತ್ತಿದೆ.

ಯಾರ್ಕ್‌ಶೈರ್‌ನ ಹಾವರ್ತ್ ಊರು ಮುಗಿಯುತ್ತಿದ್ದಂತೆ ಎತ್ತರದ ಬೋಳು ಬಯಲು ಶುರುವಾಗುತ್ತದೆ. ಇಂಥ ನೆಲಕ್ಕೆ ಅಲ್ಲಿ 'ಹೀತ್' ಎನ್ನುತ್ತಾರೆ, 'ಮೂರ್' ಎಂದೂ ಕರೆಯುತ್ತಾರೆ. ಮರಗಳು ತೀರಾ ಅಪರೂಪ. ಕುಳ್ಳನೆಯ ಹೆದರ್ ಗಿಡ, ಒರಟು ಹುಲ್ಲು, ಜೌಗು, ಬಿಡದೆ ಬೀಸುವ ಗಾಳಿ. ಆಗಸ್ಟ್‌ನಲ್ಲಿ ಹೆದರ್ ಹೂಬಿಟ್ಟು ಗುಡ್ಡ ನೇರಳೆಯಾಗುತ್ತದೆ. ಕಾದಂಬರಿಯ ಹೀತ್‌ಕ್ಲಿಫ್‌ನ ಹೆಸರಿನಲ್ಲೇ ಈ ನೆಲವಿದೆ. ಕ್ಲಿಫ್ ಎಂದರೆ ಕಡಿದಾದ ಬಂಡೆ.

ಪೆನಿಸ್ಟೋನ್ ಹಿಲ್‌ನ ಹಳೆಯ ಕಲ್ಲುಗಣಿಗಳನ್ನು ದಾಟಿದರೆ ಬ್ರಾಂಟೆ ಜಲಪಾತ ಸಿಗುತ್ತದೆ. ಅದರ ಬುಡದ ಪುಟ್ಟ ಕಲ್ಲುಸೇತುವೆ 1989ರ ಪ್ರವಾಹದಲ್ಲಿ ಕೊಚ್ಚಿಹೋಗಿ, ಮರುವರ್ಷ ಮತ್ತೆ ಕಟ್ಟಿದ್ದು. ಅಲ್ಲಿಂದ ಏರಿದರೆ ಟಾಪ್ ವಿದನ್ಸ್: ಚಾವಣಿ ಇಲ್ಲದ ಕಲ್ಲಿನ ಮನೆ, ಹೊರಗೆ ಮೇಯುವ ಕುರಿಗಳು. ದಾರಿಯ ಕೈಮರಗಳಲ್ಲಿ ಜಪಾನಿ ಭಾಷೆಯೂ ಇದೆ. ಅಷ್ಟು ದೂರದಿಂದ ಓದುಗರು ಬರುತ್ತಾರೆ. ಎಲ್ಲರೂ ಹುಡುಕಿ ಬರುವುದು ಹೀತ್‌ಕ್ಲಿಫ್‌ನ ಮನೆಯನ್ನು.

ಆದರೆ ಗೋಡೆಯ ಮೇಲೆ ಬ್ರಾಂಟೆ ಸೊಸೈಟಿಯವರು 1964ರಲ್ಲಿ ಹಾಕಿದ ಫಲಕವೊಂದಿದೆ. ಈ ಕಟ್ಟಡ ಪೂರ್ತಿಯಾಗಿದ್ದ ಕಾಲದಲ್ಲೂ ಕಾದಂಬರಿಯ ಮನೆಯನ್ನು ಹೋಲುತ್ತಿರಲಿಲ್ಲ, ಎಮಿಲಿಯ ಮನಸ್ಸಿನಲ್ಲಿ ಈ ಜಾಗ ಇದ್ದಿರಬಹುದು ಅಷ್ಟೆ ಎಂಬುದು ಅದರ ಸಾರ. ಬೆವರಿಳಿಸಿಕೊಂಡು ಹತ್ತಿ ಬಂದವರು ಅದನ್ನು ಓದುತ್ತಾರೆ, ನಗುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ.

ಇದರಲ್ಲಿ ತಪ್ಪೇನಿದೆ? ಕಾದಂಬರಿ ಸುಳ್ಳು ಹೇಳುವುದಿಲ್ಲ. ಇದು ಕಟ್ಟುಕತೆ ಎಂದು ಒಪ್ಪಿಕೊಂಡೇ ನಾವು ಪುಟ ತೆರೆಯುತ್ತೇವೆ. ಇಲ್ಲದ ಮನೆಯೊಂದನ್ನು ಪ್ರೀತಿಸುವುದರಿಂದ ಯಾರಿಗೂ ನಷ್ಟವಿಲ್ಲ ಎಂದೇ ನಾನು ನಂಬಿದ್ದೆ. ಆದರೆ ಆ ಮನೆಯಲ್ಲಿ ಜನರಿದ್ದರು. ಬ್ರಾಂಟೆಗಳ ಕಾಲದಲ್ಲಿ ಅಲ್ಲಿ ಸಂಡರ್‌ಲ್ಯಾಂಡ್ ಎಂಬ ರೈತ ಕುಟುಂಬ ವಾಸವಾಗಿತ್ತು. ಹೀತ್‌ಕ್ಲಿಫ್‌ಗಾಗಿ ಕಣ್ಣೀರಿಟ್ಟ ನನಗೆ ಅವರ ಬಗ್ಗೆ ಕುತೂಹಲವೂ ಹುಟ್ಟಿರಲಿಲ್ಲ.

ಆ ಬಯಲನ್ನೂ ನಾನು ಹಾಗೆಯೇ ನೋಡಿದ್ದೆ. ಮನುಷ್ಯ ಮುಟ್ಟದ ಕಾಡುನೆಲ ಅಂದುಕೊಂಡಿದ್ದೆ. ಸಾವಿರಾರು ವರ್ಷಗಳ ಹಿಂದೆ ಈ ಗುಡ್ಡಗಳಲ್ಲೂ ಮರಗಳಿದ್ದವು. ಜನ ಕಡಿದರು, ಸುಟ್ಟರು, ದನ ಕುರಿ ಮೇಯಿಸಿದರು. ಮಳೆ ಚಳಿಯೂ ಕೈಜೋಡಿಸಿದವು. ಆಮೇಲೆ ಗ್ರೌಸ್ ಹಕ್ಕಿಯ ಬೇಟೆಗೆಂದು ಜಮೀನ್ದಾರರು ಹೆದರ್‌ಗೆ ಸರದಿಯಂತೆ ಬೆಂಕಿ ಹಾಕಿಸಿ, ಎಳೆ ಚಿಗುರು ಬರಿಸಿದರು. ಮೇಯಿಸುವುದು, ಸುಡುವುದು ನಿಂತರೆ ಇಂಥ ಎಷ್ಟೋ ಕಡೆ ಪೊದೆ, ಮರಗಳು ಮರಳುತ್ತವೆ. ನಾನು ಶೂನ್ಯವೆಂದು ಮೆಚ್ಚಿದ್ದು ಎಷ್ಟೋ ತಲೆಮಾರುಗಳ ದುಡಿಮೆಯನ್ನು.

ಇಳಿದು ಬಂದ ಮೇಲೆ ಬ್ರಾಂಟೆಗಳ ಮನೆಗೆ ಹೋದೆ. 1928ರಿಂದ ಅದು ಮ್ಯೂಸಿಯಂ. ಎದುರಿಗೇ ಸಮಾಧಿಗಳು ಒತ್ತೊತ್ತಾಗಿವೆ. ಊರಿಗೆ ಶುದ್ಧ ನೀರು ಬೇಕೆಂದು ಎಮಿಲಿಯ ತಂದೆ, ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ಸರ್ಕಾರಕ್ಕೆ ಮನವಿ ಸಲ್ಲಿಸಿದ್ದರು. ತನಿಖೆಗೆ ಬಂದ ಬೆಂಜಮಿನ್ ಬ್ಯಾಬೇಜ್ 1850ರ ವರದಿಯಲ್ಲಿ ಬರೆದಂತೆ, ಅಲ್ಲಿ ಸತ್ತವರ ಸರಾಸರಿ ವಯಸ್ಸು 25.8, ನೂರಕ್ಕೆ 41 ಮಕ್ಕಳು ಆರು ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ಎಮಿಲಿ 1848ರಲ್ಲಿ ಕ್ಷಯದಿಂದ ಸತ್ತಾಗ ಅವಳಿಗೆ 30. ನನಗೀಗ 28. ಆ ಊರಿನಲ್ಲಿ ಇದು ಸರಾಸರಿ ದಾಟಿದ ಆಯಸ್ಸು.

ಕತೆಯ ಕೈಹಿಡಿದು ಒಂದು ಜಾಗಕ್ಕೆ ಹೋಗುವುದು ತಪ್ಪಲ್ಲ ಎಂದು ಈಗಲೂ ನಂಬುತ್ತೇನೆ. ಕತೆ ಇಲ್ಲದಿದ್ದರೆ ನಾನು ಆ ಗುಡ್ಡ ಹತ್ತುತ್ತಲೇ ಇರಲಿಲ್ಲ, ಈ ಅಂಕಿಗಳೂ ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೆ ಹಾಗೆ ಹೋದವರ ಮೇಲೆ ಒಂದು ಋಣ ಬೀಳುತ್ತದೆ. ಕತೆಯ ಜನರನ್ನು ಹುಡುಕುವಾಗ, ಅದೇ ನೆಲದಲ್ಲಿ ಬದುಕಿ ಸತ್ತವರ ಮೇಲೆ ಕಣ್ಣು ಮುಚ್ಚಬಾರದು. ಆ ಫಲಕ ಬಂದವರನ್ನು ವಾಪಸ್ ಕಳಿಸುವುದಿಲ್ಲ, ಸುಳ್ಳೂ ಹೇಳುವುದಿಲ್ಲ. ನನ್ನ "ನೋಡಿದೆ ಮೇಡಂ"ನಲ್ಲಿ ಅಷ್ಟು ಪ್ರಾಮಾಣಿಕತೆ ಇರಲಿಲ್ಲ.

ಊರಿಗೆ ಬಂದ ಮೇಲೆ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಬೇಸರವಾಗಬಹುದೆಂಬ ಅಳುಕಿತ್ತು. ಅವರು ಫೋಟೋವನ್ನು ಕನ್ನಡಕದ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು.

"ಹಾಗಾದ್ರೆ ಇದರಲ್ಲಿ ಇದ್ದವರು ಯಾರಮ್ಮಾ?" ಅಂದರು.

ಅಷ್ಟು ವರ್ಷ ಪಾಠ ಹೇಳಿದ ಅವರೂ, ಕೇಳಿದ ನಾನೂ ಒಮ್ಮೆಯೂ ಕೇಳದಿದ್ದ ಪ್ರಶ್ನೆ ಅದು.