ಅಜ್ಜಿಯ ಹೆಬ್ಬೆಟ್ಟು

ಅಜ್ಜಿಯ ಬಗ್ಗೆ ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಮೊದಲು ಬರುವುದು ಒಂದೇ ಮಾತು: 'ಅವಳಿಗೆ ತೋಟವೇ ಪ್ರಾಣ. ಊರೊಳಗಿನ ಮನೆ ಒಗ್ಗಲಿಲ್ಲ.' ನಾನೂ ಇದನ್ನು ಹತ್ತಾರು ಕಡೆ ಹೇಳಿದ್ದೇನೆ. ಪಿಎಚ್.ಡಿ. ಸಂದರ್ಶನದಲ್ಲಿ 'ರೈತ ಹೆಂಗಸರ ವಿಷಯವನ್ನೇ ಯಾಕೆ ಆರಿಸಿಕೊಂಡಿರಿ' ಎಂದು ಕೇಳಿದಾಗ, ತೋಟದ ಮನೆಯಲ್ಲಿ ಒಬ್ಬಳೇ ಬದುಕಿದ ಅಜ್ಜಿಯ ಕತೆ ಹೇಳಿಯೇ ಸೀಟು ಪಡೆದೆ ಎನ್ನಬೇಕು. ಆ ಕತೆ ಸುಳ್ಳಲ್ಲ. ಆದರೆ ಅದನ್ನು ಮೊದಲು ಹೇಳಿದವರು ಯಾರು, ಯಾಕೆ ಹೇಳಿದರು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಬೇರೆಯವರ ಮನೆಯ ಕಾಗದಗಳ ಮುಂದೆ ಕೂತಾಗ ನಾನು ಮೊದಲು ಕೇಳುವ ಪ್ರಶ್ನೆ ಇದೇ.

ನಮ್ಮದು ತಿಪಟೂರು ಸೀಮೆ. ಊರಿನಿಂದ ಒಂದೂವರೆ ಮೈಲಿ ದೂರದಲ್ಲಿ ಒಂದು ಎಕರೆ ಹತ್ತು ಗುಂಟೆ ತೆಂಗಿನ ತೋಟ, ಮೂಲೆಯಲ್ಲಿ ಎರಡು ಅಂಕಣದ ಹೆಂಚಿನ ಮನೆ. ಮನೆಯ ಅರ್ಧ ಜಾಗ ಅಟ್ಟಕ್ಕೇ ಸೇರಿತ್ತು. ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಎಂಟು-ಹತ್ತು ತಿಂಗಳು ಬಿಟ್ಟರೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗಿಟುಕು ಗಡಗಡ ಎನ್ನುತ್ತದೆ. ಅಜ್ಜಿ ಕೆಳಗೆ ಮಲಗಿ, ರಾತ್ರಿ ಅಟ್ಟದ ಮೇಲೆ ಇಲಿ ಓಡಿದ ಸದ್ದಿನಲ್ಲೇ ಯಾವ ಕಾಯಿ ಒಣಗಿದೆ ಎಂದು ಹೇಳುತ್ತಿದ್ದಳು. (ನಿಜವೋ ನನ್ನನ್ನು ಬೆರಗಾಗಿಸಲು ಹೇಳುತ್ತಿದ್ದಳೋ ಗೊತ್ತಿಲ್ಲ. ನಾನಂತೂ ನಂಬಿದ್ದೆ.) ಬೇಸಿಗೆ ರಜೆಯಲ್ಲಿ ನಾನು ಅಲ್ಲೇ ಇರುತ್ತಿದ್ದೆ. ಮರಗಳ ನಡುವಿನ ಖಾಲಿ ಜಾಗದಲ್ಲಿ ಅವಳು ರಾಗಿ ಹಾಕುತ್ತಿದ್ದಳು, ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು. ಅಕ್ಕಡಿಯ ಬೀಜವನ್ನು ಬೂದಿಯಲ್ಲಿ ಬೆರೆಸಿ ಹಳೆ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ ಇಡುತ್ತಿದ್ದಳು. ಯಾವ ಗಂಟಿನಲ್ಲಿ ಯಾವ ಬೀಜ ಎಂಬುದಕ್ಕೆ ಗುರುತು ಸೀರೆಯ ಬಣ್ಣ.

ಕಾಯಿ ಕೀಳಿಸುವುದು, ಕೊಬ್ಬರಿಯನ್ನು ಮಂಡಿಗೆ ಹಾಕುವುದು, ದುಡ್ಡು ತರುವುದು ಅಜ್ಜನ ಅಣ್ಣಂದಿರ ಕೆಲಸ, ಆಮೇಲೆ ಅಪ್ಪನದು. ಅಜ್ಜಿ ಮಂಡಿಯ ಮುಖ ನೋಡಿದವಳಲ್ಲ.

ಅಜ್ಜ ಸತ್ತದ್ದು 1963ರಲ್ಲಿ. ಅಜ್ಜಿಗೆ ಆಗ ಸುಮಾರು 27 ವರ್ಷ, ಅತ್ತೆಗೆ ಏಳು, ಅಪ್ಪನಿಗೆ ನಾಲ್ಕು. ಅಲ್ಲಿಂದ 2009ರಲ್ಲಿ ಸಾಯುವವರೆಗೆ ಅವಳ ಬದುಕಿಗೆ ಇರುವ ಲಿಖಿತ ಸಾಕ್ಷಿ ಎಷ್ಟು ಎಂದು ಲೆಕ್ಕ ಹಾಕಿದೆ. ಒಂದು ರೇಷನ್ ಕಾರ್ಡು, ಒಂದು ಮತದಾರರ ಗುರುತಿನ ಚೀಟಿ, ಮರಣ ಪ್ರಮಾಣಪತ್ರ. 'ಭೂಮಿ' ತಂತ್ರಾಂಶ ಬರುವ ಮುಂಚಿನ ಕೈಬರಹದ ಪಹಣಿಗಳನ್ನು ವರ್ಷ ವರ್ಷವಾಗಿ ತಿರುವಿದೆ. ಮಾಲೀಕರ ಕಾಲಮಿನಲ್ಲಿ ಅಪ್ಪನ ಹೆಸರು, ಪಕ್ಕದಲ್ಲಿ 'ಮೈನರ್' ಎಂಬ ಷರಾ. ಸಾಗುವಳಿದಾರರ ಕಾಲಮಿನಲ್ಲಿ ಪ್ರತಿ ವರ್ಷವೂ ಒಂದೇ ಪದ: 'ಸ್ವಂತ'. ಅಂದರೆ ಮಾಲೀಕನೇ ಉಳುತ್ತಿದ್ದಾನೆ. ಆ ವರ್ಷಗಳಲ್ಲಿ ಮಾಲೀಕ ತುಮಕೂರಿನ ಹಾಸ್ಟೆಲಿನಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದ. ತೋಟದಲ್ಲಿ ಗುದ್ದಲಿ ಹಿಡಿದವಳು ಆ 'ಸ್ವಂತ'ದೊಳಗೆ ಎಲ್ಲೋ ಇದ್ದಳು.

ಕಳೆದ ವರ್ಷ ಮನೆ ಬದಲಿಸುವಾಗ ಅಪ್ಪನ ಟ್ರಂಕಿನ ತಳದಲ್ಲಿ 1966ರ ಪಾರೀಖತ್ತು ಸಿಕ್ಕಿತು. ಅಜ್ಜನ ಅಣ್ಣಂದಿರಿಬ್ಬರು, ತಂದೆಯಿಲ್ಲದ ಮೈನರ್ ಅಪ್ಪ, ಮತ್ತು 'ಕೋಂ' ಎಂಬ ಪದದ ಆಸರೆಯಲ್ಲಿ ತೀರಿಹೋದ ಗಂಡನ ಹೆಸರಿಗೆ ಅಂಟಿಕೊಂಡ ಅಜ್ಜಿ. ಊರ ಮನೆಯ ಅಂಕಣಗಳನ್ನು ಅಣ್ಣಂದಿರು ಹಂಚಿಕೊಂಡಿದ್ದರು. ಅಜ್ಜಿ ಮತ್ತು ಮಕ್ಕಳ ವಾಸಕ್ಕೆ ತೋಟದ ಮನೆ. ಊರೊಳಗಿನ ಮನೆ ಅವಳಿಗೆ ಒಗ್ಗಲಿಲ್ಲ ಎಂಬ ಮಾತಿನ ಮೂಲ ಇಲ್ಲಿತ್ತು. ಅಲ್ಲಿ ಅವಳಿಗೆ ಒಂದು ಅಂಕಣವೂ ಇರಲಿಲ್ಲ. ಇನ್ನು ತೋಟ ಅವಳ ಜೀವನಾಂಶಕ್ಕೆ: ಬದುಕಿರುವವರೆಗೆ ಅನುಭವಿಸಬಹುದು, ಪರಭಾರೆ ಮಾಡುವ ಹಕ್ಕಿಲ್ಲ, ಅವಳ ನಂತರ ಮಗನಿಗೆ. ಮಗಳ ಹೆಸರು ಪತ್ರದಲ್ಲಿ ಎಲ್ಲೂ ಇಲ್ಲ. ಕೊನೆಗೆ ಹೆಬ್ಬೆಟ್ಟು, ಶಾಯಿ ಹೆಚ್ಚಾಗಿ ಗೆರೆಗಳು ಮುಚ್ಚಿಹೋಗಿವೆ.

ಮೊದಲು ನನಗೆ ಬಂದದ್ದು ಸಂಶೋಧಕಿಯ ಖುಷಿ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ದಾಖಲೆ ಸಿಕ್ಕಿತಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ, ಪಾಪದ ಅಜ್ಜಿ ಎಂಬ ಮರುಕ. ಈ ಎರಡೂ ನನ್ನನ್ನು ದಾಖಲೆಯ ಆಚೆ ದಡದಲ್ಲಿ ನಿಲ್ಲಿಸುವ ಭಾವಗಳು. ಅನ್ಯಾಯ ಮಾಡಿದವರು ಅಜ್ಜನ ಅಣ್ಣಂದಿರು, ಅನುಭವಿಸಿದವಳು ಅಜ್ಜಿ, ನಾನು ಬರೆದುಕೊಳ್ಳುವವಳು.

ಈ ದಡ ಕುಸಿದದ್ದು ವಕೀಲಿಕೆ ಮಾಡುವ ಗೆಳತಿಗೆ ಪತ್ರ ತೋರಿಸಿದ ದಿನ. ಅವಳು ಹೇಳಿದ್ದು ಇಷ್ಟು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ಪ್ರಕಾರ ಹೆಂಗಸಿಗೆ ಜೀವನಾಂಶಕ್ಕೆಂದು, ಪಾಲಿನಲ್ಲಿ ಬಂದ ಆಸ್ತಿಗೆ ಅವಳು ಪೂರ್ಣ ಒಡತಿ. ಪತ್ರದಲ್ಲೇ 'ಅನುಭವಿಸಲು ಮಾತ್ರ' ಎಂದು ಕಟ್ಟು ಹಾಕಿದ್ದರೆ ಏನು ಗತಿ ಎಂಬ ತಕರಾರು ಬಹಳ ಕಾಲ ಇತ್ತು. ಆಂಧ್ರದ ತುಳಸಮ್ಮ ಎಂಬ ವಿಧವೆ ಮತ್ತು ಶೇಷಾರೆಡ್ಡಿಯ ನಡುವಿನ ಮೊಕದ್ದಮೆಯಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಡಿಸಿತು. ಜೀವನಾಂಶ ವಿಧವೆಗೆ ಮೊದಲಿಂದಲೂ ಇದ್ದ ಹಕ್ಕು, ಯಾರೋ ದಯೆಯಿಂದ ಕೊಟ್ಟದ್ದಲ್ಲ. ಆ ಹಕ್ಕಿನ ಲೆಕ್ಕದಲ್ಲಿ ಕೊಟ್ಟ ಆಸ್ತಿ ಪೂರ್ತಿ ಅವಳದೇ, ಕಾಗದದಲ್ಲಿ ಏನೇ ಕಟ್ಟು ಹಾಕಿರಲಿ. ಹಾಗಿದ್ದರೆ ತೋಟ ಅಜ್ಜಿಯದಾಗಿತ್ತು. ಅವಳು ಉಯಿಲು ಬರೆಯದೆ ಸತ್ತದ್ದರಿಂದ ಅದು ಮಗ ಮತ್ತು ಮಗಳಿಗೆ ಸಮ ಸಮ. 'ಕೋರ್ಟಿಗೆ ಹೋದರೆ ಎದುರಿನವರೂ ಏನೋ ವಾದ ಮಾಡುತ್ತಾರೆ ಬಿಡು, ಆದರೆ ನನಗೆ ಕಾಣುವುದು ಹೀಗೆ' ಎಂದಳು ಗೆಳತಿ.

ತೋಟವನ್ನು ನಾವು ಮಾರಿದ್ದು 2014ರಲ್ಲಿ. ಒಂದಿಷ್ಟು ಅಕ್ಕನ ಮದುವೆಯ ಸಾಲಕ್ಕೆ ಹೋಯಿತು, ಉಳಿದದ್ದು ನನ್ನ ಓದಿಗೆ. ಹೆಣ್ಣುಮಗಳನ್ನು ಓದಿಸಲು ಜಮೀನು ಮಾರಿದ ಅಪ್ಪ ಎಂದು ನಾನು ಎಷ್ಟು ಜನರ ಮುಂದೆ ಹೆಮ್ಮೆಪಟ್ಟಿದ್ದೇನೆ! ಆ ಹೆಮ್ಮೆ ಈಗಲೂ ಇದೆ, ಅದು ಹೋಗುವಂಥದ್ದಲ್ಲ. ಕೊಳ್ಳುವವರು 'ಮುಂದೆ ತಕರಾರು ಬೇಡ, ಅಕ್ಕನ ಸಹಿಯೂ ಇರಲಿ' ಎಂದದ್ದರಿಂದ ಅತ್ತೆ ನೋಂದಣಿ ಕಚೇರಿಗೆ ಬಂದಿದ್ದರು. ನಾನೂ ಹೋಗಿದ್ದೆ. ಸಹಿ ಮುಗಿದ ಮೇಲೆ ಎಲ್ಲರೂ ಹೋಟೆಲಿಗೆ ಹೋದೆವು. ಅಪ್ಪ ಅತ್ತೆಗೆ ಒಂದು ಸೀರೆ, ಅರಿಶಿನ ಕುಂಕುಮಕ್ಕೆಂದು ಹತ್ತು ಸಾವಿರ ರೂಪಾಯಿ ಕೊಟ್ಟರು. ಅವತ್ತು ಅದು ಧಾರಾಳವಾಗಿಯೇ ಕಂಡಿತ್ತು.

ಅಪ್ಪನಿಗೆ ತುಳಸಮ್ಮನ ಮೊಕದ್ದಮೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದ್ದು ತಪ್ಪೇ ಎಂದು ಎಷ್ಟೋ ದಿನ ಯೋಚಿಸಿದೆ. ಅದಕ್ಕಿಂತ ಕಷ್ಟದ್ದು, ಈಗ ಗೊತ್ತಾಗಿರುವ ನನ್ನ ಪ್ರಶ್ನೆ. ಯಾರೂ ದೂರು ಕೊಡದ, ಎಲ್ಲರೂ ಸಹಿ ಹಾಕಿರುವ ಒಂದು ಅನ್ಯಾಯದ ಫಲವನ್ನು ಉಂಡು ಬೆಳೆದವರು ಏನು ಮಾಡಬೇಕು? ದೂರಿಲ್ಲ, ಆದ್ದರಿಂದ ಅನ್ಯಾಯವಿಲ್ಲ ಎನ್ನುವುದು ಸುಲಭ. ಅಮರ್ತ್ಯ ಸೇನ್ ಇದಕ್ಕೆ ಎಚ್ಚರಿಕೆ ಹೇಳಿದ್ದಾರೆ: ಬಹುಕಾಲ ಇಲ್ಲದವರು ತಮ್ಮ ಆಸೆಗಳನ್ನೇ ಇರುವಷ್ಟಕ್ಕೆ ಕುಗ್ಗಿಸಿಕೊಳ್ಳುತ್ತಾರೆ, ಹಾಗಾಗಿ ಅವರ ತೃಪ್ತಿಯನ್ನು ನ್ಯಾಯದ ಅಳತೆಗೋಲು ಮಾಡಬಾರದು. ಸೆಮಿನಾರಿನಲ್ಲಿ ನಾನೂ ಇದನ್ನು ಒಪ್ಪಿಸಿದ್ದೇನೆ. ಆದರೆ ಅಜ್ಜಿಯ ವಿಷಯಕ್ಕೆ ತಂದರೆ ಇರಿಸುಮುರಿಸು. 'ತೋಟ ಅಂದ್ರೆ ನಂಗೆ ಇಷ್ಟ' ಎಂದವಳ ಮುಂದೆ ನಿಂತು, ಅದು ನಿನ್ನ ಇಷ್ಟವಲ್ಲ, ಒಗ್ಗಿಸಿಕೊಂಡದ್ದು ಎಂದು ಹೇಳಲು ನಾನ್ಯಾರು? ಅಣ್ಣಂದಿರು ಅವಳಿಂದ ಅಂಕಣ ಕಿತ್ತುಕೊಂಡರು. ನಾನು ಅವಳಿಂದ ಇಷ್ಟವನ್ನೂ ಕಿತ್ತುಕೊಳ್ಳಲೇ?

ಒಂದು ಮಾತು ನೆನಪಾದದ್ದು ಆಗ. 2000ದ ಆಸುಪಾಸಿನಲ್ಲಿ ನುಸಿ ರೋಗ ಬಂದು ಕಾಯಿ ಎಲ್ಲ ಸೊರಗಿದ್ದವು. ಅಜ್ಜಿ ಒಬ್ಬಳೇ 58 ಮರಗಳ ಬುಡಕ್ಕೂ ಬೇವಿನ ಹಿಂಡಿ ಹಾಕಿ ಸೊಂಟ ಹಿಡಿದು ಮಲಗಿದ್ದಳಂತೆ. ತುಮಕೂರಿಗೆ ಬಾ ಎಂದು ಅಪ್ಪ ಎಷ್ಟು ಬೇಡಿಕೊಂಡರೂ ಅವಳು ಹೇಳಿದ್ದು: 'ನಾನು ಇಲ್ಲಿಂದ ಎದ್ದೋದ್ರೆ ಇದು ನಿಂದೂ ಆಗಲ್ಲ, ನನ್ದೂ ಆಗಲ್ಲ ಕಣಪ್ಪ.' ಮನೆಯಲ್ಲಿ ಇದನ್ನು ಅವಳ ಹಟಕ್ಕೆ ಉದಾಹರಣೆಯಾಗಿ ಹೇಳಿ ನಗುತ್ತಿದ್ದರು. ಪತ್ರ ಓದಿದ ಮೇಲೆ ನನಗೆ ನಗು ಬರಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ತಾನು ಹೆಬ್ಬೆಟ್ಟು ಒತ್ತಿದ್ದು ಏನಕ್ಕೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅಲ್ಲಿ ಕೂತಿರುವುದೇ ತನಗಿರುವ ದಾಖಲೆ ಎಂದು ತಿಳಿದೇ 43 ವರ್ಷ ಕೂತಿದ್ದಳು. ಅದು ಪ್ರೀತಿಯೂ ಹೌದು, ಕಾವಲೂ ಹೌದು. ಇವೆರಡನ್ನು ಬಿಡಿಸಿ ನೋಡಬೇಕು ಎನ್ನುವುದು ನನ್ನ ವಿದ್ಯೆಯ ಚಟ, ಅವಳ ಬದುಕಿನ ಅಗತ್ಯವಲ್ಲ.

ಅವಳ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರೇ ಇಲ್ಲದವಳಿಗೆ ಹೆಸರು ಕೊಡುವುದು ನ್ಯಾಯ ಎಂದು ನನ್ನ ಮಾರ್ಗದರ್ಶಕರು ಹೇಳಿದರು, ಅದರಲ್ಲಿ ಅರ್ಥವಿದೆ. ಆದರೆ ಕೇಳಲು ಅವಳಿಲ್ಲ. ಕೇಳದೆ ಅವಳ ಕೈ ಹಿಡಿದು ಒತ್ತಿಸಿದ ಕಾಗದ ಒಂದಾಗಲೇ ಇದೆ.

ಕೇಳಬಹುದಾದವರು ಅತ್ತೆ. ಯುಗಾದಿಯ ಮರುವಾರ ಅವರ ಊರಿಗೆ ಹೋದೆ. ಹೇಗೆ ಶುರುಮಾಡುವುದು ತಿಳಿಯದೆ ಸುತ್ತಿ ಬಳಸಿ 2014ರ ಸಹಿಗೆ ಬಂದೆ. ಅವರು ಅವರೆಕಾಳು ಆರಿಸುತ್ತಲೇ ಹೇಳಿದರು: 'ಅವತ್ತು ಹೋಟ್ಲಲ್ಲಿ ನೀನು ಎರಡು ದೋಸೆ ತಿಂದೆ, ನಂಗೆ ಗ್ಯಾನ ಐತೆ.' ಸಹಿ ಯಾಕೆ ಹಾಕಿದಿರಿ ಎಂದೆ. 'ನಿಮ್ಮಪ್ಪ ಕೇಳ್ದ, ಹಾಕ್ದೆ. ಇಲ್ಲ ಅಂದಿದ್ರೆ ಗೌರಿ ಹಬ್ಬಕ್ಕೆ ಯಾರವ್ವ ಕರೀತಿದ್ರು?' ಬೀನಾ ಅಗರ್ವಾಲ್ 1994ರಲ್ಲಿ ಬರೆದ 'ಎ ಫೀಲ್ಡ್ ಆಫ್ ಒನ್ಸ್ ಓನ್' ಪುಸ್ತಕದಲ್ಲಿ ಇದನ್ನೇ ವಿವರಿಸುತ್ತಾರೆ: ಹೆಣ್ಣುಮಕ್ಕಳು ತವರಿನ ಬಾಗಿಲು ಮುಚ್ಚದಿರಲಿ ಎಂದು ಪಾಲು ಬಿಟ್ಟುಕೊಡುತ್ತಾರೆ. ಆ ಅಧ್ಯಾಯಕ್ಕೆ ನಾನು ಹಳದಿ ಗೆರೆ ಎಳೆದಿದ್ದೇನೆ. ಆ ಪುಸ್ತಕ ಕೊಂಡದ್ದೂ ತೋಟದ ದುಡ್ಡಿನಲ್ಲೇ ಇರಬೇಕು.

ಪತ್ರದ ವಿಷಯ ಹೇಳಿದೆ, ಕಾಯ್ದೆಯ ವಿಷಯವನ್ನೂ ಹೇಳಿದೆ. ಅತ್ತೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಓದು ಎಂದರು. ಓದಿದೆ. ಚಕ್ಕುಬಂದಿ ಬಂದಾಗ ತಡೆದರು. ಮೂಡಲಿಗೆ ಹಳ್ಳ, ಸರಿ. ತೆಂಕಲಿಗೆ ಗಾಡಿ ದಾರಿ, ಸರಿ. ಪಡುವಲಿಗೆ ಖರಾಬು ಎಂದು ಬರೆದಿತ್ತು. 'ಖರಾಬಲ್ಲ, ಅಲ್ಲಿ ಅವ್ವ ಹೊಂಗೆ ಹಾಕಿದ್ಲು. ನಾನೇ ನೀರು ಹೊತ್ತಿದ್ದೆ' ಎಂದರು. ಹೆಬ್ಬೆಟ್ಟಿನ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆ ಬೆರಳನ್ನು ಸೆರಗಿಗೆ ಒರೆಸಿಕೊಂಡರು, ಶಾಯಿ ಹತ್ತಿತೇನೋ ಎಂಬಂತೆ.

ನಿಮ್ಮ ಪಾಲು ಕೊಡಬೇಕಾಗುತ್ತದೆ ಅತ್ತೆ, ಒಂದೇ ಸಲಕ್ಕೆ ಆಗದಿದ್ದರೂ ನನ್ನ ಫೆಲೋಶಿಪ್ಪಿನಲ್ಲಿ ತಿಂಗಳು ತಿಂಗಳು ಕೊಡುತ್ತೇನೆ ಎಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದ ಮಾತು. ಅತ್ತೆ ನಕ್ಕರು. 'ನೀನ್ಯಾಕೆ ಕೊಡ್ತೀಯ? ನೀನು ಕೇಳಿಸ್ಕಂಡ್ ಬಂದಿದ್ಯಾ ನಿಮ್ಮಪ್ಪನ್ನ?' ಇಲ್ಲ ಎಂದೆ.

ಹೊರಡುವಾಗ ಬಾಗಿಲವರೆಗೂ ಬಂದರು. ಅವರೆಕಾಳಿನ ಪೊಟ್ಟಣ ಕೈಗಿಟ್ಟು, ದನಿ ಇಳಿಸಿ, ಒಳಗೆ ಮಗ ಇದ್ದಾನೆ ಎಂಬಂತೆ ಒಮ್ಮೆ ಹಿಂದೆ ತಿರುಗಿ ನೋಡಿ ಕೇಳಿದರು: 'ಆ ಕಾಗದದ್ದು ಒಂದು ಜೆರಾಕ್ಸು ನಂಗೂ ಮಾಡಿಸ್ಕೊಡು.'

ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲೇ ಮಾಡಿಸಿದೆ. ವಾಪಸು ನಡೆದು ಹೋಗಿ ಕೊಟ್ಟೆ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಈ ಬರಹವನ್ನು ಕಳಿಸುವ ಮೊದಲು ಅಪ್ಪನ ಮುಂದೆ ಕೂತು ಪೂರ್ತಿ ಓದಿದೆ. ಹೋಟೆಲಿನ ಭಾಗ ಬಂದಾಗ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಮುಗಿದ ಮೇಲೆ ಕೇಳಿದ್ದು ಒಂದೇ: 'ಅಕ್ಕ ಜೆರಾಕ್ಸು ತಗೊಂಡ್ಲಾ?'